ಗೋಡೆಯ ಅರಳಿ ಮತ್ತು ನನ್ನ ಬಿರುದು

ಮಾನ್ಯ ಅಧ್ಯಕ್ಷರೇ, ಬನ್ನೂರಿನ ಪರಿಸರ ಬಳಗದ ಗೆಳೆಯರೇ, ಒಳಗಿನಿಂದ ಒಗ್ಗರಣೆ ವಾಸನೆ ಬರುತ್ತಿದ್ದರೂ ಏಳದೆ ಕೂತಿರುವ ಸಭಿಕರೇ,

ನನಗೆ ‘ಪರಿಸರ ಪ್ರೇಮಿ’ ಎಂಬ ಬಿರುದು ಕೊಟ್ಟಿದ್ದೀರಿ. ಟಿ. ನರಸೀಪುರದಲ್ಲಿ ಸಿಮೆಂಟು ಮಾರುವ ಶಂಭುಲಿಂಗಪ್ಪನಿಗೆ! ಇದಕ್ಕಿಂತ ದೊಡ್ಡ ತಮಾಷೆ ಬೇಕೆ? ನಮ್ಮ ಹೆಮ್ಮಿಗೆಯ ಹಳೇ ಈಶ್ವರನ ಗುಡಿಯ ಕಲ್ಲುಗೋಡೆ ಬಿರುಕು ಬಿಟ್ಟು, ಆ ಬಿರುಕಿನಲ್ಲಿ ಅರಳಿ ಸಸಿ ಹುಟ್ಟಿತ್ತು. ಬೇರು ಬಲಿತರೆ ಗೋಡೆ ಬೀಳುತ್ತದೆ. ಕೀಳೋಣವೆಂದರೆ, ಅರಳಿ ಕಿತ್ತವರ ಸಂತಾನ ನಿಲ್ಲುತ್ತದಂತೆ. ಅರ್ಚಕರು ಇಂಜಿನಿಯರನ್ನು ತೋರಿಸಿದರು. ಇಂಜಿನಿಯರು ಕೂಲಿಯವರನ್ನು ತೋರಿಸಿದರು. ಕೂಲಿಯವರು ಜೀರ್ಣೋದ್ಧಾರ ಸಮಿತಿಯ ಅಧ್ಯಕ್ಷನನ್ನು ತೋರಿಸಿದರು. ಆ ಅಧ್ಯಕ್ಷ ನಾನೇ.

“ನೀವೇ ಅತ್ತಿ ಸಾ, ನಿಮ್ಗೇನ್ ಮಕ್ಳಾ ಮರೀನಾ?” ಎಂದ ಕೂಲಿಯವರಲ್ಲೊಬ್ಬನಾದ ಪ್ರಸಾದ, ಏಣಿ ಹಿಡಿದುಕೊಂಡು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಚ್ಚು ಹಿಡಿದು ಹತ್ತಿದೆ. ಸಸಿಗೆ ಕೈ ಹಾಕುವಷ್ಟರಲ್ಲಿ ಕೆಳಗಿನಿಂದ ನಮ್ಮೂರಿನ ಪುಟ್ಟಗೌರಮ್ಮ ಕೂಗಿದರು: “ಸಾ, ಬ್ಯಾಡಿ ಸಾ! ನಮ್ ಸೊಸೆ ಶ್ವೇತ ಅದ್ನೇ ನಂಬ್ಕಂಡು ದಿನಾ ಗುಡಿ ಸುತ್ತಿ ಈಗ ಬಸ್ರಿ ಆಗವ್ಳೆ. ಎರ್ಗೆ ಆಗೋಗಂಟ ಮುಟ್ಬ್ಯಾಡಿ!”

ಇಳಿದುಬಿಟ್ಟೆ. ಅದನ್ನೇ ನೀವು ಕರುಣೆ ಎಂದಿರಿ. ಕರುಣೆಯೂ ಇಲ್ಲ, ಮಣ್ಣೂ ಇಲ್ಲ. ಕಾಲು ನಡುಗುತ್ತಿತ್ತು ಸ್ವಾಮಿ! ನನಗೆ ಎತ್ತರ ಕಂಡರೆ ಆಗದು. ಮನೆಯಲ್ಲಿ ಅಟ್ಟದಿಂದ ಉಪ್ಪಿನಕಾಯಿ ಜಾಡಿ ಇಳಿಸುವವಳೂ ನನ್ನ ಹೆಂಡತಿ ಚನ್ನಬಸಮ್ಮನೇ.

ಅವಳೂ ಅರಳಿ ಸುತ್ತಿದವಳೇ. ವರ್ಷಗಟ್ಟಲೆ, ಒದ್ದೆ ಸೀರೆಯಲ್ಲಿ. ನಾನು ಕಟ್ಟೆಯ ಹತ್ತಿರ ಅವಳ ಚಪ್ಪಲಿ ಕಾಯುತ್ತ ಕೂರುತ್ತಿದ್ದೆ. ಒಂದು ದಿನ “ಸಾಕು, ನಡೀರಿ ಮನೆಗೆ” ಎಂದಳು. ಆಮೇಲೆ ನಾವು ಆ ಕಡೆ ಹೋಗಲಿಲ್ಲ. ಇದನ್ನು ಯಾಕೆ ಹೇಳಿದೆನೋ, ಕ್ಷಮಿಸಿ. ಎಲ್ಲಿದ್ದೆ? ಹಾಂ, ಗೋಡೆ.

ಗೋಡೆಗೆ ಮರದ ಕಂಬ ಆನಿಸಿ ಕಾದೆವು. ಒಂದು ಕಲ್ಲು ಉದುರಿದಾಗ ಸಮಿತಿಯವರೆಲ್ಲ ಸೇರಿ ನನಗೆ ಚೆನ್ನಾಗಿ ಮಂಗಳಾರತಿ ಮಾಡಿದರು. ಕೊನೆಗೆ ಶ್ವೇತಳಿಗೆ ಹೆಣ್ಣು ಮಗುವಾಯಿತು. ಪುಟ್ಟಗೌರಮ್ಮ ಬಂದು, “ಇನ್ ಕಿತ್ಕಳಿ ಸಾ, ನಮ್ ಕೆಲ್ಸ ಆಯ್ತು” ಎಂದರು! ಸಸಿಯನ್ನು ಬೇರುಸಮೇತ ಬಿಡಿಸಿ ಹೊಳೆದಂಡೆಯಲ್ಲಿ ನೆಟ್ಟಿದ್ದೇವೆ. ಏಣಿ ಹತ್ತಿದವನು ನಾನಲ್ಲ.

ಅವತ್ತು ಪುಟ್ಟಗೌರಮ್ಮ ಮಗುವನ್ನೂ ಎತ್ತಿಕೊಂಡು ಬಂದಿದ್ದರು. ತಂದು ನನ್ನ ಕೈಗೇ ಕೊಟ್ಟರು. ಚನ್ನಬಸಮ್ಮ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ನನ್ನ ಕೈ ನಡುಗಿತು. ಏಣಿ ಮೇಲಾದರೆ ಎತ್ತರದ ನೆಪ ಹೇಳಬಹುದಿತ್ತು. ನಾನು ನೆಲದ ಮೇಲೆ ನಿಂತಿದ್ದೆ, ಸಭಿಕರೇ.

ಕರೆದು ಗೌರವಿಸಿದ್ದಕ್ಕೆ ವಂದನೆಗಳು. ಊಟಕ್ಕೆ ಏಳಿ. ನಮಸ್ಕಾರ.