ಫೋಟೋದಾಗ ಬಗ್ಗಿದಾಕಿ

ಹಲೋ… ಹಲೋ, ಯಾರ್ರಿ ಮಾತಾಡೂದು?… ಹಾಂ, ಮಾಮಾ ನೀವಾ? ನಾ ಗದಿಗೆವ್ವ ರೀ… ಎಷ್ಟು ಮಂದಿ ಗದಿಗೆವ್ವ ಅದಾರ ನಿಮಗ? ನಿಮ್ಮ ನಾದಿನಿ ರೀ, ವರದಾ ಹೊಳಿ ದಂಡಿಯಾಕಿ. ಅಕ್ಕನ ಕೈಯಾಗ ಫೋನ್ ಕೊಡ್ರಿ, ಹೆಣ್ಮಕ್ಕಳ ಮಾತೈತಿ…

ಮರಿಯಕ್ಕಾ… ಆರಾಮ ಅದೀನಿ. ಸ್ಪೀಕರ್ ಬಂದ್ ಮಾಡು ಮೊದಲ. ಮಾಮಾ ಕೇಳಿದ್ರ ನಾಳಿಗೆ ರಾಣೆಬೆನ್ನೂರ ತುಂಬ ಹಬ್ಬತೈತಿ…

ಹಾಂ, ಹೊಳಿ ನೀರು ಹೊಲಕ್ಕ ನುಗ್ಗಿದ್ದಕ್ಕ ಸರಕಾರದ ಬೆಳಿ ಪರಿಹಾರ. ಮಂಜೂರಾತು!… ಸುಮ್ಮನ ಎಲ್ಲಿ ಆಕ್ಕೈತಿ? ಮುಂಜಾನೆ ಸಾಹೇಬ್ರು ಬಂದು ಸಾಲಿ ಅಂಗಳದಾಗ ಕುಂತು ಯಾದಿ ಓದಿದ್ರು. ನನ್ನ ಹೆಸರಿಲ್ಲ. ನಮ್ಮೂರ ಹೊಳಿಯಪ್ಪನ ಹೆಸರೈತಿ…

ಹೌದಿಲ್ಲೋ? ನಾನೂ ಅದನ್ನ ಅಂದೆ! ಅವನ ಹೊಲ ದಿನ್ನಿ ಮ್ಯಾಲೈತಿ. ಅಲ್ಲಿತನಾ ಹೊಳಿ ಬಂದಿದ್ರ ನಾವೆಲ್ಲಾ ತೇಲಿ ಹಾವೇರಿ ಸೇರತಿದ್ವಿ. ಕೊಳತು ಹೋಗಿದ್ದು ನನ್ನ ಮೆಣಸಿನ ಗಿಡ…

ಬೆಳಿ ಹಾಳಾಗಿದ್ದಕ್ಕ ಹೊಡದ ಫೋಟೋ ತೋರಸ್ರಿ ಅಂದೆ. ಸಾಹೇಬ್ರು ಮೊಬೈಲ್ ತಿರುವಿ ತೋರ್ಸಿದ್ರು. ಹೊಲದ ತುಂಬ ನೀರು. ನಡುವ ಒಬ್ಬಾಕಿ ಸೀರಿ ಮೊಣಕಾಲಿನ ಮಟ ಎತ್ತಿ ಕಟ್ಟಿ, ಈ ಕಡೆ ಬೆನ್ನು ಮಾಡಿ ಬಗ್ಗ್ಯಾಳ…

ಯಾರಂತಿ? ನಾನ ಅಕ್ಕಾ, ನಾನ!… ಮುಖ ಎಲ್ಲಿ ಕಾಣತೈತಿ? ಮುಖ ಬಿಟ್ಟು ಉಳಿದದ್ದೆಲ್ಲಾ ಕಾಣತೈತಿ. ಫೋಟೋ ಹೊಡಿಯಾಂವ ಹೊಳಿಯಪ್ಪ ಕೊಡಿಸಿದ ಮಂಡಕ್ಕಿ ಮಿರ್ಚಿ ತಿಂದು, ದಾರಿ ಮ್ಯಾಲೆ ನಿಂತು ನನ್ನ ಹೊಲಾ ಹೊಡದು, ಅವನ ಹೆಸರಿಗೆ ಹಾಕ್ಯಾನ…

ಅಂದೆ, ಅಂದೆ! 'ಸಾಹೇಬ್ರ, ಅದು ನನ್ನ ಹೊಲ, ಅದು ನನ್ನ…' ಅಷ್ಟ ಮಂದ್ಯಾಗ ಏನಂತ ಹೇಳ್ಲಿ? 'ಬಗ್ಗಿದಾಕಿ ನಾನ ರೀ' ಅಂದೆ. ಸಾಹೇಬ್ರು ಕನ್ನಡಕ ತಗದು ನೆಲಾ ನೋಡಾಕತ್ರು…

ಹೊಳಿಯಪ್ಪ ಬಿಟ್ಟಾನೇನ? ಎದ್ದು ನಿಂತು, 'ಆಕಿ ನನ್ನ ಹೇಣ್ತಿ ರೀ' ಅಂದುಬಿಟ್ಟ…

ಅಲ್ಲೇ ಕುಂತಿದ್ಲು ಭರಮವ್ವ! ಗಂಡನ ಮಾತು ಕೇಳಿ ಮೊಬೈಲ್ ಕಸಗೊಂಡ್ಲು. ಎರಡು ಬೆರಳಿಲೆ ದೊಡ್ಡದು ಮಾಡಿ ನೋಡಿದ್ಲು. ಮಾರಿ ಕೆಂಪಗಾತು. 'ಇದು ನಂದಾ? ಇಷ್ಟಗಲ? ಮೂವತ್ತು ವರ್ಷ ಸಂಸಾರ ಮಾಡಿ ಇಷ್ಟೂ ಗುರುತಿಲ್ಲೇನು ನಿಮಗ?' ಅಂತ ಗಂಡನ ಮ್ಯಾಲೆ ಹರಿಹಾಯ್ದ್ಲು…

ತಡಿ, ನಗಬ್ಯಾಡ. 'ಸಾಹೇಬ್ರ, ಇದು ಗದಿಗೆವ್ವಂದು, ಬರಕೋರಿ' ಅಂದ್ಲು! ಮಂದಿ ಬಿದ್ದು ಬಿದ್ದು ನಕ್ಕತು. ನನಗ ನಾಚಿಕಿ, ಸಿಟ್ಟು, ಖುಷಿ ಎಲ್ಲಾ ಒಮ್ಮೆಲೆ ಬಂದು ಕಣ್ಣಾಗ ನೀರಾಡಿದ್ವು…

ಹೂಂ, ಹೊಲಕ್ಕೂ ಬಂದ್ರು. ದಾರಿ, ಬದುವಿನ ಬೇವಿನ ಗಿಡ, ಎಲ್ಲಾ ಫೋಟೋದಾಗ ಇದ್ದಂಗ ಇತ್ತು. ಅವನ ಹೆಸರು ಹೊಡದು ನಂದು ಬರದ್ರು. ಹೊಸಾ ಫೋಟೋಕ್ಕ ಈ ಕಡೆ ಮುಖ ಮಾಡಿ ನಿಂದ್ರಂದ್ರು. 'ನಗಬ್ಯಾಡ್ರಿ ಯವ್ವಾ, ಇದು ಬೆಳಿ ಹಾಳಾದ ಫೋಟೋ' ಅಂತ ಮೂರು ಸಲ ಹೇಳಬೇಕಾತು ಪಾಪ…

ಭರಮವ್ವಾ? ಈಗ ಬಂದು ಹೋದ್ಲು. ಚಾ ಮಾಡಿ ಕೊಟ್ಟೆ, ಆಕಿ ಉಪಕಾರ ಮರೆಯೂ ಹಂಗಿಲ್ಲ. ಅರ್ಧಾ ಕಪ್ ಕುಡದು, ಬಾಗಲಾ ಮುಂದ ಮಾಡಿ, ಸಣ್ಣ ದನಿಲೆ ಕೇಳಿದ್ಲು: 'ಗದಿಗೆವ್ವಾ, ಹಿಂದಿಂದ ನಾ ನಿನ್ನಂಗ ಕಾಣ್ತೇನೇನ?'…

ಏನ ಹೇಳ್ಲಿ? 'ಛೇ, ನೀ ಎಲ್ಲಿ, ನಾ ಎಲ್ಲಿ' ಅಂದೆ. ಸಮಾಧಾನ ಆಗಿ ಹೋದ್ಲು…

ಖರೇ ಹೇಳ್ಲಾ?… ಅಲ್ಲ, ಯಾರಿಗೂ ಹೇಳಬ್ಯಾಡ ಮತ್ತ. ಖರೇ ಅಂದ್ರ ಅಕ್ಕಾ, ಭರಮವ್ವಂದು ನನ್ನದಕ್ಕಿಂತ… ಹಲೋ?… ಅಕ್ಕಾ?… ಹಲೋ…