ವೈದ್ಯೆಯ ಪಾತ್ರವನ್ನು ತಿದ್ದಿದ ಸುಚಿತ್ರಾ ಅವರ ಬಗ್ಗೆ ಎರಡು ಮಾತು

ಅಧ್ಯಕ್ಷತೆ ವಹಿಸಿರುವ ನಂಜುಂಡಯ್ಯನವರೇ, ಇಂದು ಸನ್ಮಾನಕ್ಕೆ ಪಾತ್ರರಾಗಿರುವ ಸುಚಿತ್ರಾ ಅವರೇ, ಆಲೂರಿನಿಂದಲೂ ಮಗ್ಗೆಯಿಂದಲೂ ಬಂದು ಈ ಸಭಾಂಗಣ ತುಂಬಿರುವ ಸಭಿಕರೇ,

ಐದೇ ನಿಮಿಷ ಮಾತಾಡಿ ಎಂದಿದ್ದಾರೆ. ನನ್ನಂಥ ಡ್ರಾಯಿಂಗ್ ಮೇಷ್ಟ್ರಿಗೆ ಅಷ್ಟು ಸಿಕ್ಕಿದ್ದೇ ಹೆಚ್ಚು.

ಸುಚಿತ್ರಾ ಅವರ ಹೆಸರು ಹೊತ್ತು ಅಚ್ಚಾಗಿರುವ ಈ ಆಟವನ್ನು ನೀವೆಲ್ಲ ಹೊರಗೆ ಮೇಜಿನ ಮೇಲೆ ನೋಡಿದ್ದೀರಿ. ನಾಲ್ಕೈದು ಜನ ಸುತ್ತ ಕೂತು, ದಾಳ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತಾ ಆಡುವ ಆಟ. ಇದನ್ನು ಮೊದಲು ಹುಟ್ಟಿಸಿದವರು ಯಾರು? ಹೇಳಬಾರದು, ಆದರೂ ಹೇಳುತ್ತೇನೆ. ನಾನು. ಆಟದ ಕಥೆಯಲ್ಲಿ, ನಮ್ಮ ಘಟ್ಟದ ದೋಣಿಗಲ್ ರೈಲು ಸುರಂಗದೊಳಗೆ ರಾಕ್ಷಸನನ್ನು ಕೂರಿಸಿದವನು ನಾನು. ಯೋಧ, ಮಾಂತ್ರಿಕ, ಕಳ್ಳ, ವೈದ್ಯೆ ಎಂಬ ನಾಲ್ಕು ಪಾತ್ರಗಳನ್ನು ಬರೆದವನೂ ನಾನೇ. ಐದು ವರ್ಷ, ಪ್ರತಿ ಭಾನುವಾರ, ಮೆಕ್ಯಾನಿಕ್ ಶಿವು ಅವರ ಗ್ಯಾರೇಜಿನ ಮಹಡಿಯಲ್ಲಿ ಆಡಿಸಿದೆ.

ಸುಚಿತ್ರಾ ಮಗ್ಗೆಯ ಆಸ್ಪತ್ರೆಯಲ್ಲಿ ನರ್ಸ್. ಹಾಗಾಗಿ ಅವರಿಗೆ ವೈದ್ಯೆಯ ಪಾತ್ರ ಕೊಟ್ಟೆ. ಯೋಧ ಬಿದ್ದಾಗ ಮದ್ದು ಹಚ್ಚಿ ಎಬ್ಬಿಸುವುದು, ಮತ್ತೆ ಹಿಂದೆ ನಿಲ್ಲುವುದು. ಒಂದು ದಿನ ಅವರು ದಾಳ ಕೆಳಗಿಟ್ಟರು.

"ಸಾರ್, ಆಸ್ಪತ್ರೇಲೂ ಇದೇ ಕೆಲ್ಸ, ಇಲ್ಲೂ ಇದೇ ಕೆಲ್ಸ. ಈ ವೈದ್ಯೆಗೆ ತನ್ನದು ಅಂತ ಒಂದಾಸೆನೂ ಇಲ್ವಾ?"

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಒಂದು ನೋಟ್‌ಬುಕ್ ತುಂಬ ನಾಲ್ಕೂ ಪಾತ್ರಗಳನ್ನು ಹೊಸದಾಗಿ ಬರೆದು ತಂದರು. ವೈದ್ಯೆ ಗಾಯ ಮುಟ್ಟಿದರೆ ಹೊಡೆದವನ ದೌರ್ಬಲ್ಯ ಅವಳಿಗೆ ತಿಳಿಯಬೇಕು. ಮಾಂತ್ರಿಕ ಒಂದು ಮಂತ್ರ ಹಾಕಿದರೆ ತನ್ನದೇ ಒಂದು ನೆನಪು ಕಳೆದುಕೊಳ್ಳಬೇಕು. ನಿಯಮ ಜಾಸ್ತಿಯಾಯಿತು, ಜನಕ್ಕೆ ಬೇಜಾರಾಗುತ್ತದೆ ಎಂದು ತಳ್ಳಿಹಾಕಿದೆ.

ಮುಂದಿನ ಭಾನುವಾರ ಕುಂದೂರಿನಲ್ಲಿ ಮದುವೆಯಿತ್ತು; ಆಟಕ್ಕೆ ಬರುವುದಿಲ್ಲ ಎಂದಿದ್ದೆ. ಊಟ ಬೇಗ ಮುಗಿಯಿತು, ಬಂದೆ. ಮಹಡಿಯ ಮೆಟ್ಟಿಲ ಮೇಲೆ ನಿಂತೆ. ಇಣುಕಿದರೆ, ಸುಚಿತ್ರಾ ಅವರ ನಿಯಮದಲ್ಲಿ ಆಟ ನಡೆದಿದೆ. ಶಿವು ಮಾಂತ್ರಿಕ; ಮಂತ್ರಕ್ಕೆ ಬೆಲೆಯಾಗಿ ತಮ್ಮದೊಂದು ನೆನಪು ಕೊಡಬೇಕಾದ ಸರದಿ. ಐದು ವರ್ಷ ನನ್ನೆದುರು "ಹೊಡಿ" ಅನ್ನುವುದು ಬಿಟ್ಟು ಬೇರೆ ಮಾತಾಡದ ಶಿವು, ತಲೆ ತಗ್ಗಿಸಿ ಹೇಳುತ್ತಿದ್ದರು:

"ವಸಿ ತಡೀರಿ. ಅವ್ವ ನನ್ನ ಕರೀತಿದ್ದ ಹೆಸ್ರು ಮಾತ್ರ ಕೊಡಕಿಲ್ಲ. ಬ್ಯಾರೆ ಏನಾರ ತಗಳ್ಳಿ."

ಸಭಿಕರೇ, ನಾನು ಎಷ್ಟು ರಾಕ್ಷಸರ ಚಿತ್ರ ಬಿಡಿಸಿದೆ? ಎಷ್ಟು ಬಣ್ಣ ಖರ್ಚು ಮಾಡಿದೆ? ನನ್ನ ಆಟದಲ್ಲಿ ಆಡುವವರೊಬ್ಬರ ಬಾಯಿಂದಲೂ ಇಂಥ ಮಾತು ಬರಲಿಲ್ಲ. ಸದ್ದಾಗದಂತೆ ಇಳಿದು ಹೋದೆ. ಹೋಟೆಲಿನಲ್ಲಿ ಕಾಫಿ ತರಿಸಿದೆ, ಕುಡಿಯಲಾಗಲಿಲ್ಲ.

ಆಮೇಲೆ, ತಿದ್ದಿಕೊಡುತ್ತೇನೆ ಎಂದು ಆ ನೋಟ್‌ಬುಕ್ ಇಸಿದುಕೊಂಡೆ. ಹದಿನೈದು ದಿನ ಬಿಟ್ಟು, ಬಸ್ಸಿನಲ್ಲಿ ಕಳೆದುಹೋಯಿತು ಎಂದೆ. ಸುಚಿತ್ರಾ, "ಹೋಗ್ಲಿ ಬಿಡಿ ಸಾರ್, ಎಲ್ಲಾ ತಲೇಲೈತೆ" ಎಂದರು. ಎಂಟು ತಿಂಗಳು ಕೂತು ಮತ್ತೆ ಬರೆದರು. ಅದೇ ಈಗ ಅಚ್ಚಾಗಿದೆ.

ಅದು ಕಳೆದಿರಲಿಲ್ಲ. ನನ್ನ ಬೀರುವಿನಲ್ಲಿದೆ. ಮೂರು ಸಲ ಓದಿದ್ದೇನೆ. ಮೊದಲ ಸಲ ತಪ್ಪು ಹುಡುಕಲು ಓದಿದೆ. ಎರಡನೆಯ ಸಲಕ್ಕೆ ಇದು ನನ್ನದಕ್ಕಿಂತ ದೊಡ್ಡದು ಎಂದು ಗೊತ್ತಾಯಿತು. ಮೂರನೆಯ ಸಲ ಸುಡಬೇಕೆಂದು ಒಲೆಯ ಮುಂದೆ ಕೂತು, ಓದುತ್ತಾ ಮರೆತೆ.

ಇದನ್ನು ಹೇಳಬೇಕೆಂದು ಬಂದವನಲ್ಲ. ಬರೆದು ತಂದ ಹಾಳೆಯಲ್ಲಿ ಹೊಗಳಿಕೆ ಮಾತ್ರ ಇದೆ. ಆದರೆ ಆಟದ ಪೆಟ್ಟಿಗೆಯ ಮೇಲೆ ಅವರು ನನ್ನ ಹೆಸರನ್ನು ತಮ್ಮ ಹೆಸರಿಗಿಂತ ಮೇಲೆ ಹಾಕಿಸಿದ್ದಾರೆ. ಒಳಗೆ ಬರುವಾಗ ನೋಡಿದೆ. ನೋಡಿದ ಮೇಲೆ ಆ ಹಾಳೆ ಓದಲಾಗಲಿಲ್ಲ.

ಅಸೂಯೆ ಹೋಯಿತೇ ಎಂದು ಕೇಳಬೇಡಿ. ಹೋಗಿಲ್ಲ. ಇವತ್ತು ಅವರು ವೇದಿಕೆ ಹತ್ತಿದಾಗ ನೀವು ತಟ್ಟಿದ ಚಪ್ಪಾಳೆಗೂ ಹೊಟ್ಟೆ ಉರಿಯಿತು.

ಶಾಲು ಹೊದಿಸುವ ಕೆಲಸ ನನಗೆ ವಹಿಸಿದ್ದಾರೆ. ಸುಚಿತ್ರಾ ಅವರೇ, ನನ್ನ ಕೈಯಿಂದ ಬೇಡವೆನಿಸಿದರೆ ನಂಜುಂಡಯ್ಯನವರು ಇದ್ದಾರೆ. ನಾನು ಇಲ್ಲೇ, ಶಾಲು ಹಿಡಿದು ನಿಂತಿರುತ್ತೇನೆ.

ಇಷ್ಟು ಹೊತ್ತು ಎದ್ದು ಹೋಗದೆ ಕೇಳಿದ ನಿಮಗೆಲ್ಲ ಋಣಿ. ನಮಸ್ಕಾರ.