ಭಾವನ ಹೆಗಲು

ನಂಬಿದರೆ ನಂಬಿ, ಬಿಟ್ಟರೆ ಬಿಡಿ... ಇದು ನಮ್ಮಜ್ಜಿಯ ಪಕ್ಕದ ಮನೆಯಲ್ಲೇ ನಡೆದದ್ದು. ನಮ್ಮ ಸ್ಕಾಟ್ಲೆಂಡಿನ ಕರಾವಳಿಯಲ್ಲಿ ಮಾಟಗಾರರೆಂದು ಜನರನ್ನು ಹಿಡಿದು ಸುಡುತ್ತಿದ್ದ ಕಾಲ.

ಆ ರಾತ್ರಿ ಆ ಮನೆಯ ಯಜಮಾನ ಆರ್ಚಿ ಹೆಂಡದಂಗಡಿಯಿಂದ ತಡವಾಗಿ ಹೊರಟ. ಬಾವಿ ದಾಟುವಾಗ ಎಡ ಹೆಗಲು ಭಾರವಾಯಿತು. ಯಾರೋ ತಲೆಯಿಟ್ಟ ಹಾಗೆ... ಕಿವಿಯ ಬುಡದಲ್ಲೇ ಸದ್ದು. ಗೊರ್... ಸುಂಯ್. ಗೊರ್... ಸುಂಯ್.

ಏರಿದ್ದ ಅಮಲು ಜರ್ರನೆ ಇಳಿಯಿತು. ಆ ಗೊರಕೆ ಹೆಂಡತಿಯ ತಮ್ಮ ನಿನಿಯನ್‌ನದು. ಚಿಕ್ಕಂದಿನಲ್ಲಿ ದೋಣಿಯ ಹುಟ್ಟು ಬಡಿದು ಮೂಗು ಮುರಿದಿತ್ತು. ಮಲಗಿದರೆ ಉಸಿರು ಸೀಟಿ ಹೊಡೆಯುತ್ತಿತ್ತು. ಆದರೆ ನಿನಿಯನ್‌ನನ್ನು ಮಾಟಗಾರನೆಂದು ಸುಟ್ಟು ಆಗಲೇ ತಿಂಗಳಾಗಿತ್ತು.

ಅವನು ಮಾಡಿದ ಘನಂದಾರಿ ತಪ್ಪೇನು? ಕಾಯಿಲೆಬಿದ್ದ ದನಗಳಿಗೆ ಕೆಂಪು ದಾರ ಕಟ್ಟುತ್ತಿದ್ದ. ಮೊದಲು ತನ್ನ ಹಸುವಿಗೆ ಕಟ್ಟಿಸಿದವನೇ ಆರ್ಚಿ! ಒಪ್ಪಿಕೊಳ್ಳುವ ತನಕ ನಿದ್ದೆ ಕೊಡಬಾರದೆಂದು ನಿನಿಯನ್‌ನನ್ನು ಇಗರ್ಜಿಯ ಗೋಪುರದಲ್ಲಿ ಕೂಡಿಹಾಕಿದರು. ಕಣ್ಣು ಮುಚ್ಚಿದರೆ ತಿವಿಯಲು ಊರವರದ್ದೇ ಸರದಿ. ಆರ್ಚಿಯ ಸರದಿ ಬಂದಾಗ ಪಾಪ, ನಿನಿಯನ್‌ನಿಗೆ ಹೋದ ಜೀವ ಬಂದಂತಾಯಿತು.

"ಭಾವಾ, ನೀವು ಬಂದ್ರಾ... ಒಂದ್ ಗಳಿಗೆ ಮಲಗ್ತೀನಿ."

"ನೀನೇ ಮಾಟ ಮಾಡ್ದೆ ತಾನೆ? ಸುಮ್ನೆ ಹೂಂ ಅನ್ನು. ನನ್ನ ಹೆಗಲ ಮೇಲೇ ಮಲಗು."

"ಹೂಂ..." ಅಂದ. ತಲೆಯಿಟ್ಟ. ಎರಡು ಗೊರಕೆ ಮುಗಿಯಲಿಲ್ಲ, ಆರ್ಚಿ ಪಾದ್ರಿಯನ್ನು ಕೂಗಿದ: "ಒಪ್ಕೊಂಡ ಸ್ವಾಮೀ, ಒಪ್ಕೊಂಡ!" ತನ್ನ ಹಸುವಿನ ದಾರದ ಮಾತು ಎದ್ದೀತೆಂಬ ಪುಕ್ಕಲುತನ. ಹೆಂಡತಿ ಇಸೊಬೆಲ್‌ಗೆ ಮಾತ್ರ, ತಾನು ಅಲ್ಲಿರಲೇ ಇಲ್ಲವೆಂದು ಬೈಬಲ್ ಮುಟ್ಟಿ ಆಣೆಯಿಟ್ಟಿದ್ದ.

ಈಗ ಓಡೋಡಿ ಮನೆ ಸೇರಿದ.

"ಯಾರ್ರೀ ಜೊತೇಲಿ?" ಒಲೆಯ ಮುಂದಿದ್ದ ಇಸೊಬೆಲ್ ಕೇಳಿದಳು.

"ಯಾ... ಯಾರೂ ಇಲ್ವಲ್ಲೇ."

ಸುಂಯ್...

ಅವಳು ಹತ್ತಿರ ಬಂದಳು. ಅವನ ಎಡ ಹೆಗಲಿಗೆ ಕಿವಿಗೊಟ್ಟಳು. ತೊಟ್ಟಿಲು ತೂಗಿದ ಅಕ್ಕನಿಗೆ ಆ ಉಸಿರು ಗೊತ್ತಾಗದೆ ಇರುತ್ತದೆಯೇ?

"ನಿಮ್ಮ ಹೆಗಲ ಮೇಲೆ ಯಾಕ್ರೀ ಇದಾನೆ?"

ಆರ್ಚಿ ಕುಸಿದ. "ಅವ್ನೇ ಹೂಂ ಅಂದ ಕಣೇ! ನಾನು ಕೂಗಿದ್ದಷ್ಟೇ..."

 ಇಸೊಬೆಲ್ ದನಿ ಏರಿಸಲಿಲ್ಲ.

"ಷ್... ಮೆಲ್ಲಗೆ. ಆವತ್ತು ಕೂಗಿದ್ದು ಸಾಕು. ಅಲ್ಲಾಡಬೇಡಿ. ಈಗಲಾದ್ರೂ ಮಲಗ್ಲಿ ನನ್ನ ತಮ್ಮ."

ಬೆಳಗಾಗುವ ತನಕ ಗಂಡನನ್ನು ಹಾಗೇ ಕೂರಿಸಿದಳು. ಮರುದಿನವೂ... ಅವನು ಸಾಯುವ ತನಕವೂ.

ಆಮೇಲೂ ಆರ್ಚಿಯ ಕೋಟು ಅವಳ ಮನೆಯ ಗೂಟದಲ್ಲೇ ನೇತಾಡುತ್ತಿತ್ತು. ಸುಳ್ಳಲ್ಲ, ನಮ್ಮಜ್ಜಿ ಮುಟ್ಟಿ ನೋಡಿದ್ದಾಳೆ. ಬೆಳಗಿನ ಹೊತ್ತು ಅದರ ಎಡ ಹೆಗಲು ಮಾತ್ರ ಜೊಲ್ಲಿನಿಂದ ಒದ್ದೆಯಾಗಿರುತ್ತಿತ್ತಂತೆ.